ಬೇರೆಯವರ ಕುದುರೆ, ಆಯಿಯ ಹೆಸರು

ಕಾರವಾರದಲ್ಲಿ ತೆರಿಗೆ ಸಲಹೆಗಾರನಾಗಿ ದುಡಿದ ಇಷ್ಟು ವರ್ಷಗಳಲ್ಲಿ ನಾನು ಎದೆ ತಟ್ಟಿ ಹೇಳಿಕೊಳ್ಳುವ ಕೆಲಸ ಒಂದೇ: ಅಂಕೋಲೆ ಹತ್ತಿರದ ಅವರ್ಸಾದ ಒಂದು ಕುಟುಂಬಕ್ಕೆ ತೆರಿಗೆ ಹೆಚ್ಚು ಬೀಳುವ ಹಾಗೆ ಮಾಡಿದ್ದು. ಜೊತೆಯ ಸಲಹೆಗಾರರು ಆಗ ನಕ್ಕರು. ಈಗಲೂ ನಗುತ್ತಾರೆ. ನಗಲಿ.

ಕಚೇರಿ ಬಿಟ್ಟುಕೊಟ್ಟು ಮನೆಯಲ್ಲಿ ಕೂತ ಮೇಲೆ, ಈ ಕೆಲಸಕ್ಕೆ ಹೊಸದಾಗಿ ಬರುತ್ತಿರುವ ಕೆಲವರು ಬಂದು 'ನಿಮ್ಮ ಅನುಭವ ಬರೆದುಕೊಡಿ ಸರ್' ಎಂದರು. ತೆರಿಗೆ ಉಳಿಸುವ ಉಪಾಯಗಳು ಸಿಗುತ್ತವೆ ಎಂದುಕೊಂಡಿರಬೇಕು. ಅವು ನನ್ನ ಬಳಿ ಇದ್ದವು, ಅರ್ಧಕ್ಕರ್ಧ ಕಾನೂನು ಬದಲಾಗಿ ಹಾಳಾಗಿವೆ. ಉಳಿದಿರುವುದು ಒಂದು ಕುದುರೆ ಲಾಯದ ಕಥೆ.

ಓದುವವರಿಗೆ ಒಂದು ಎಚ್ಚರಿಕೆ. ಧಾರವಾಡದಲ್ಲಿ ಎಂ.ಕಾಂ. ಮಾಡುವಾಗ ನನಗೊಂದು ಚಟ ಹತ್ತಿತು. ಯಾರು ಏನು ಹೇಳಿದರೂ 'ಆಧಾರ ಏನು?' ಎಂದು ಕೇಳುವುದು. ಮದುವೆ ಮಾತುಕತೆಯಲ್ಲೂ ಕೇಳಿ ಬೈಸಿಕೊಂಡಿದ್ದೇನೆ. ಈಗ ಅದೇ ಪ್ರಶ್ನೆಯನ್ನು ನನ್ನ ನೆನಪಿಗೆ ಕೇಳುವ ಕಾಲ ಬಂದಿದೆ. ನೆನಪೂ ಕಕ್ಷಿದಾರನ ಹಾಗೆಯೇ. ತನಗೆ ಅನುಕೂಲವಾದದ್ದನ್ನು ಮೊದಲು ಹೇಳುತ್ತದೆ, ಉಳಿದದ್ದನ್ನು ನೋಟಿಸು ಬಂದ ಮೇಲೆ. ಆದ್ದರಿಂದ ಎಲ್ಲಿ ಅನುಮಾನವಿದೆಯೋ ಅಲ್ಲಿ ಅನುಮಾನ ಎಂದೇ ಬರೆಯುತ್ತೇನೆ.

ಕೆಲಸ ಕಲಿತದ್ದು ಪ್ರಭು ಸರ್ ಅವರ ಕೈಕೆಳಗೆ. ಮನೆಯಲ್ಲಿ ಕೊಂಕಣಿ, ಕಚೇರಿಯಲ್ಲಿ ಕನ್ನಡ, ಸಿಟ್ಟು ಬಂದರೆ ಮರಾಠಿ. ಆಗಿನ ಪದ್ಧತಿ ಬೇರೆ. ಫೈಲುಗಳನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಆದಾಯ ತೆರಿಗೆ ಕಚೇರಿಗೆ ಹೋಗಬೇಕು, ಬೆಂಚಿನ ಮೇಲೆ ಕಾಯಬೇಕು, ಸಾಹೇಬರ ಮುಖ ನೋಡಿ ಮಾತು ಶುರು ಮಾಡಬೇಕು. ಈಗ ಮುಖವೇ ಇಲ್ಲ, ಪೋರ್ಟಲ್ ಇದೆ. ಸಾಹೇಬರ ಸಿಟ್ಟಿನ ಬದಲು ಓಟಿಪಿ ಬರುವುದಿಲ್ಲ ಎಂಬ ಚಿಂತೆ. ಯಾವುದು ಮೇಲು ಎಂದು ನನ್ನನ್ನು ಕೇಳಬೇಡಿ. ಎರಡೂ ಕಡೆ ಕಾದಿದ್ದೇನೆ.

ಪ್ರಭು ಸರ್ ನನಗೆ ಕಲಿಸಿದ ಪಾಠಗಳಲ್ಲಿ ಅವರ ಸೋಲಿನಿಂದ ಬಂದದ್ದೇ ಗಟ್ಟಿಯಾಗಿ ಉಳಿಯಿತು. ಬಂದರಿನ ಹತ್ತಿರ ಅಣ್ಣತಮ್ಮಂದಿರು ಪಾಲುದಾರಿಕೆಯಲ್ಲಿ ಒಂದು ಮಂಜುಗಡ್ಡೆ ಕಾರ್ಖಾನೆ ನಡೆಸುತ್ತಿದ್ದರು. ಕಾಗದ ಮಾಡಿಕೊಟ್ಟದ್ದು ಸರ್. ಸರಳವಾಗಿತ್ತು, ಅಗ್ಗವಾಗಿತ್ತು, ತೆರಿಗೆ ಲೆಕ್ಕವೂ ಹಿತವಾಗಿತ್ತು. ಒಂದು ದಿನ ಅನಿಲ ಸೋರಿ ಕೆಲಸಗಾರನೊಬ್ಬನ ಕಣ್ಣು ಹೋಯಿತು. ಪರಿಹಾರ ಕಾರ್ಖಾನೆಯ ಆಸ್ತಿಯನ್ನು ಮೀರಿತು. ಆಗ ಹಾರವಾಡದಲ್ಲಿ ಶಾಲೆ ಮಾಸ್ತರಿಕೆ ಮಾಡಿಕೊಂಡಿದ್ದ ಕಿರಿಯ ತಮ್ಮನ ಮನೆಯನ್ನೂ ಬಿಡಲಿಲ್ಲ. ಅವನು ಕಾರ್ಖಾನೆಗೆ ಕಾಲಿಟ್ಟವನೇ ಅಲ್ಲ, ಕಾಗದದಲ್ಲಿ ಹೆಸರಿತ್ತು, ಅಷ್ಟೇ.

ಸರ್ ಆ ದಿನ ಊಟ ಮಾಡಲಿಲ್ಲ. ಸಂಜೆ ನನ್ನನ್ನು ಕರೆದು, 'ಅರೇ ಬಾಬಾ, ತೆರಿಗೆ ಹೆಚ್ಚು ಕಟ್ಟಿದ್ದಕ್ಕೆ ಮನೆ ಕಳೆದುಕೊಂಡವ ಒಬ್ಬನನ್ನ ತೋರಿಸು' ಎಂದರು. ನನಗೆ ಯಾರೂ ನೆನಪಾಗಲಿಲ್ಲ. ಈಗಲೂ ಆಗುತ್ತಿಲ್ಲ.

ದಾಮು ನನ್ನ ಕಚೇರಿಗೆ ಬಂದದ್ದು ಬಹಳ ವರ್ಷಗಳ ನಂತರ, ಜಿಎಸ್‌ಟಿ ಬಂದು ಎಲ್ಲರೂ ಅದಕ್ಕೆ ಹೊಂದಿಕೊಂಡ ಮೇಲೆ. ಸೈನ್ಯದಲ್ಲಿ ಕುದುರೆ, ಹೇಸರಗತ್ತೆಗಳನ್ನು ನೋಡಿಕೊಂಡು ನಿವೃತ್ತಿಯಾಗಿ ಅವರ್ಸಾಕ್ಕೆ ಬಂದಿದ್ದ. ಜೊತೆಗೆ ಅಕ್ಕ ಶೈಲಾ. ಗಂಡ ತೀರಿಕೊಂಡ ಮೇಲೆ ತಾಯಿಯ ಜೊತೆಯಲ್ಲೇ ಇದ್ದವಳು. ಕುರ್ಚಿಯಲ್ಲಿ ನೆಟ್ಟಗೆ ಕೂತು ದಾಮು ಹೇಳಿದ:

'ಸರ್, ಕುದ್ರೆ ಹಾಸ್ಟೆಲ್ ಮಾಡ್ಬೇಕು.'

'ಏನು?'

'ಹಾಸ್ಟೆಲ್ ಸರ್. ಮಕ್ಳಿಗೆ ಇರ್ತದಲ್ಲ, ಹಂಗೆ. ಕುದ್ರೆ ಅವ್ರದ್ದು, ಜಾಗ ನಮ್ದು. ಮೇವು, ತಿಕ್ಕೂದು, ತೊಳಿಯೂದು, ದಿನಾ ನಡೆಸೂದು ನಮ್ದು. ತಿಂಗ್ಳಿಗೆ ಇಷ್ಟು ಅಂತ ಅವ್ರು ಕೊಡೂದು.'

'ಅಂಕೋಲೆಯಲ್ಲಿ ಕುದುರೆ ಯಾರ ಹತ್ತಿರ ಇದೆ ಮಾರಾಯ?'

ಉತ್ತರ ಕೊಟ್ಟದ್ದು ಶೈಲಾ. 'ಅಂಕೋಲೆಯವ್ರದ್ದು ಅಲ್ಲ ಸರ್. ಗೋವಾದವ್ರದ್ದು. ಮಳೆಗಾಲದಾಗೆ ಬೀಚ್ ಬಂದ್, ಮದ್ವೆ ಬಂದ್. ಕುದ್ರೆ ಹೊಟ್ಟೆ ಬಂದ್ ಆಗ್ತದ್ಯಾ?'

ಈ ಮಾತಿಗೆ ಆಧಾರ ಕೇಳುವ ಅಗತ್ಯ ಕಾಣಲಿಲ್ಲ. ಸಮುದ್ರದಂಡೆಯಲ್ಲಿ ಸವಾರಿ ಮಾಡಿಸುವ, ಮದುವೆ ಮೆರವಣಿಗೆಗೆ ಕುದುರೆ ಕೊಡುವ ಜನಕ್ಕೆ ಮಳೆಗಾಲ ಪೂರ್ತಿ ಆದಾಯವಿಲ್ಲದ ಖರ್ಚು. ಅವರ್ಸಾದಲ್ಲಿ ಖರ್ಚು ಕಡಿಮೆ, ಎತ್ತರದ ಒಣ ಜಾಗ ಇದೆ, ಮತ್ತು ಕುದುರೆಯ ಹೊಟ್ಟೆನೋವನ್ನು ಕಿವಿ ನೋಡಿ ಹೇಳುತ್ತೇನೆ ಎನ್ನುವ ದಾಮು ಇದ್ದಾನೆ.

ಮೊದಲ ಪ್ರಶ್ನೆ ಎಲ್ಲರೂ ಕೇಳುವಂಥದ್ದು. 'ಇದು ಕೃಷಿ ಅಲ್ವಾ ಸರ್? ಟ್ಯಾಕ್ಸ್ ಇಲ್ಲ ಅಲ್ವಾ?' ನಿಮ್ಮ ಹತ್ತಿರವೂ ಕೇಳುತ್ತಾರೆ, ಬರೆದಿಟ್ಟುಕೊಳ್ಳಿ. ಗದ್ದೆಯಲ್ಲಿ ಹುಲ್ಲು ಬೆಳೆದು ಮಾರಿದರೆ ಕೃಷಿ ಆದಾಯ. ಅದೇ ಹುಲ್ಲನ್ನು ಬೇರೆಯವರ ಕುದುರೆಗೆ ತಿನ್ನಿಸಿ ತಿಂಗಳಿಗೆ ಹಣ ಪಡೆದರೆ ವ್ಯವಹಾರ. ಜಿಎಸ್‌ಟಿಯಲ್ಲಂತೂ ಇನ್ನೂ ತಮಾಷೆ. ಪ್ರಾಣಿ ಸಾಕಣೆಗೆ ಸಂಬಂಧಿಸಿದ ಕೃಷಿ ಸೇವೆಗೆ ವಿನಾಯಿತಿ ಕೊಟ್ಟ ಸಾಲಿನಲ್ಲೇ, ಕುದುರೆ ಸಾಕಣೆಯನ್ನು ಬಿಟ್ಟು, ಎಂದು ಸೇರಿಸಿದ್ದಾರೆ. ಕೋಳಿ ಪಾಸು, ಕುರಿ ಪಾಸು, ಕುದುರೆ ಮಾತ್ರ ನಪಾಸು. ಓದಿ ಹೇಳಿದಾಗ ದಾಮುವಿನ ಮುಖ ಸೈನ್ಯದ ಕುದುರೆಗೆ ಅವಮಾನವಾದಂತೆ ಆಯಿತು.

'ಮೇವಿನ ಬಿಲ್ ಬೇರೆ, ಜಾಗದ ಬಿಲ್ ಬೇರೆ ಮಾಡಿದ್ರೆ?' ಎಂದು ಶೈಲಾ ಕೇಳಿದಳು. ಚುರುಕಿನ ಹೆಂಗಸು. ಮೇವಿಗೆ ತೆರಿಗೆ ಇಲ್ಲವೆಂದು ಯಾರೋ ಹೇಳಿದ್ದರು. ಆದರೆ ಗಿರಾಕಿ ಬರುವುದು ಹುಲ್ಲು ಕೊಳ್ಳಲಿಕ್ಕಲ್ಲ, ಕುದುರೆ ಬಿಟ್ಟು ನಿಶ್ಚಿಂತೆಯಿಂದ ಹೋಗಲಿಕ್ಕೆ. ಒಂದೇ ಸೇವೆಯನ್ನು ತುಂಡು ಮಾಡಿ ತೋರಿಸಿದರೆ ಇವತ್ತಲ್ಲ ನಾಳೆ ಯಾರಾದರೂ ಜೋಡಿಸಿ ನೋಡುತ್ತಾರೆ. ಪಶುವೈದ್ಯರ ಬಿಲ್ಲು ಮಾತ್ರ ನೇರವಾಗಿ ಕುದುರೆಯ ಮಾಲೀಕನ ಹೆಸರಿಗೇ ಹೋಗಲಿ ಎಂದೆ. ಆ ವೈದ್ಯಸೇವೆಗೆ ತೆರಿಗೆ ಇಲ್ಲ, ನಡುವೆ ನೀವು ಕೈ ಹಾಕಿ ಅದನ್ನು ಕೆಡಿಸಬೇಡಿ.

ನನ್ನದೂ ಒಂದು ಎಡವಟ್ಟು ಆಯಿತು. ಗಿರಾಕಿಗಳು ಗೋವಾದವರು, ಬೇರೆ ರಾಜ್ಯ, ಹಾಗಾಗಿ ಮೊದಲ ದಿನದಿಂದಲೇ ಜಿಎಸ್‌ಟಿ ನೋಂದಣಿ ಕಡ್ಡಾಯ ಎಂದುಬಿಟ್ಟೆ. ಸರಕಿನ ನಿಯಮವನ್ನು ಸೇವೆಗೆ ಅಂಟಿಸಿದ್ದೆ. ಮನೆಗೆ ಹೋಗಿ ಸುತ್ತೋಲೆ ತೆಗೆದು ನೋಡಿದರೆ, ಸೇವೆ ಕೊಡುವ ಸಣ್ಣವರಿಗೆ ವಹಿವಾಟು ಮಿತಿ ಮುಟ್ಟುವವರೆಗೆ ಅದು ಬೇಕಿಲ್ಲ. ಮರುದಿನ ಫೋನ್ ಮಾಡಿ ಹೇಳಿದೆ. ದಾಮು, 'ಸೈನ್ಯದಾಗೂ ಹಿಂಗೇ ಸರ್, ಮೊದ್ಲು ಓಡು ಅಂತಾರೆ, ಆಮೇಲೆ ನಿಲ್ಲು ಅಂತಾರೆ' ಎಂದ. ಅದು ಕ್ಷಮೆಯೋ ಟೀಕೆಯೋ ಗೊತ್ತಾಗಲಿಲ್ಲ.

ಇನ್ನು ಮುಖ್ಯ ಪ್ರಶ್ನೆ, ಯಾರ ಹೆಸರಿನಲ್ಲಿ ಮಾಡುವುದು? ನನ್ನ ಲೆಕ್ಕ ಸುಲಭವಾಗಿತ್ತು. ದಾಮು ಒಬ್ಬನದೇ ವ್ಯವಹಾರ ಎಂದು ಮಾಡಿದರೆ ಆ ಆದಾಯಕ್ಕೆ ಅವನಿಗೆ ತೆರಿಗೆಯೇ ಬೀಳುತ್ತಿರಲಿಲ್ಲ. ಕಾಗದವೂ ಕಡಿಮೆ. ಗದ್ದೆ, ಮನೆ ಎರಡೂ ತಾಯಿ ಯಶೋದಾ ಅವರ ಹೆಸರಿನಲ್ಲಿದ್ದವು, ಅವಕ್ಕೂ ತೊಂದರೆ ಇಲ್ಲ. ಹಾಗೆಂದು ಹೇಳಿದೆ. 'ಆಯಿ ಒಪ್ಪೂದಿಲ್ಲ ಸರ್. ನೀವೇ ಒಂದ್ಸಲ ಮನೆಗೆ ಬನ್ನಿ' ಎಂದಳು ಶೈಲಾ.

ಹೋದೆ. ಯಶೋದಾ ಆಯಿ ಜಗಲಿಯಲ್ಲಿ ಕೂತು ಬಳಚು, ಅಂದರೆ ಚಿಪ್ಪುಮೀನು, ಬಿಡಿಸುತ್ತಿದ್ದರು. ಕೈ ನಿಲ್ಲಿಸದೆ ನನ್ನನ್ನು ನೋಡಿದರು.

'ಬನ್ನಿ ವಕೀಲ್ರೆ.'

'ನಾನು ವಕೀಲ ಅಲ್ಲ ಆಯಿ. ತೆರಿಗೆ ನೋಡುವವ.'

'ಕಾಗ್ದ ಬರಿತ್ರಲ್ಲ? ವಕೀಲ್ರೇ. ಎಲ್ಲಾರ ಹೆಸ್ರೂ ಹಾಕಿ. ನಂದು, ದಾಮುಂದು, ಅವ್ನ ಹೆಂಡ್ತಿದು, ಶೈಲಂದು. ಹುಬ್ಬಳ್ಳಿಲಿರೋ ದೊಡ್ಡವಂದೂ ಹಾಕಿ.'

'ಅಷ್ಟು ಹೆಸರು ಯಾಕೆ ಆಯಿ?'

ಆಗ ಕೈ ನಿಂತಿತು. ಆಯಿಯ ಗಂಡನ ಮನೆ ಚೆಂಡಿಯಾದಲ್ಲಿತ್ತು. ಒಟ್ಟು ಕುಟುಂಬ, ಎಲ್ಲರೂ ಸೇರಿ ದುಡಿಯುತ್ತಿದ್ದರು, ಆದರೆ ಈ ಕಡೆಯ ಪದ್ಧತಿಯಂತೆ ಪಹಣಿಯಲ್ಲಿ ಹಿರಿಯನೊಬ್ಬನ ಹೆಸರು. ಭೂಮಿ ನೌಕಾನೆಲೆಗೆ ಹೋದಾಗ ಪರಿಹಾರ ಬಂದದ್ದು ಆ ಹೆಸರಿಗೆ. ಹಿರಿಯ ಭಾವ ಕೆಟ್ಟವನಲ್ಲವಂತೆ, ಅವನ ಮಕ್ಕಳ ಲೆಕ್ಕಾಚಾರವೇ ಬೇರೆಯಾಯಿತಂತೆ. ಆಯಿ ಗಂಡ ಮಕ್ಕಳೊಂದಿಗೆ ತವರಿಗೆ ಬಂದರು. ಅವರ್ಸಾದ ಈ ತುಂಡು ಗದ್ದೆಯನ್ನು ತಂದೆ ಆಯಿಯ ಹೆಸರಿಗೇ ಬರೆದುಕೊಟ್ಟರು.

'ಗದ್ದೆ ನೆಟ್ಟಿ ನಾನೂ ಮಾಡಿದ್ದೆ ವಕೀಲ್ರೆ,' ಎಂದರು. 'ಸೊಂಟ ನಂದೂ ಹೋಗಿತ್ತು. ಹೆಸ್ರ ಎಲ್ಲಿ ಅಂತ ಕೇಳಿದ್ರು. ಹೆಸ್ರ ಇದ್ದಿಲ್ಲ. ಈಗ ಶೈಲ ಲದ್ದಿ ಬಾಚೂದು, ದಾಮು ಹೆಸ್ರ ಬರೂದು? ನಾ ಸತ್ಮೇಲೆ ಅವ್ಳ ಯಾರ ಮನೆ ಜಗಲಿಲಿ ಕೂತ್ಕಣೂದು? ಇನ್ನೊಂದ್ಸಲ ಮನೆ ಬಿಡೂಕೆ ನಂಗೆ ಕಾಲಲ್ಲಿ ಶಕ್ತಿ ಇಲ್ಲ.'

ಆಯಿ ಹೇಳಿದ್ದು ನ್ಯಾಯ. ಆದರೆ ಆಯಿ ಕೇಳುತ್ತಿದ್ದ ಪಾಲುದಾರಿಕೆ ಎಂದರೆ ನನ್ನ ಕಣ್ಣಿಗೆ ಮಂಜುಗಡ್ಡೆ ಕಾರ್ಖಾನೆಯ ಮಾಸ್ತರ. ಕುದುರೆ ಒದ್ದು ಯಾರಿಗಾದರೂ ಏನಾದರೂ ಆದರೆ, ಪಾಲುದಾರರ ಪಟ್ಟಿಯಲ್ಲಿ ಹೆಸರಿದ್ದ ಪ್ರತಿಯೊಬ್ಬರ ಸ್ವಂತ ಆಸ್ತಿಯೂ ಹೊಣೆಗೆ ಬರುತ್ತದೆ. ಎಲ್ಲರಲ್ಲಿ ಆಸ್ತಿ ಇದ್ದದ್ದು ಆಯಿಗೆ ಮಾತ್ರ. ಯಾವ ಮನೆಯನ್ನು ಉಳಿಸಲು ಹೆಸರು ಹಾಕಿಸುತ್ತಿದ್ದರೋ ಆ ಹೆಸರೇ ಮನೆಯನ್ನು ಒಯ್ಯಬಹುದಿತ್ತು.

ಆದ್ದರಿಂದ ಕಂಪನಿ ಮಾಡಿಸಿದೆ. ಪ್ರೈವೇಟ್ ಲಿಮಿಟೆಡ್. ಕಂಪನಿಯ ಸಾಲ, ಹೊಣೆ ಕಂಪನಿಯ ಆಸ್ತಿಗೇ ನಿಲ್ಲುತ್ತದೆ, ಷೇರುದಾರರ ಮನೆಯವರೆಗೆ ಬರುವುದಿಲ್ಲ. ಎಲ್ಲರಿಗೂ ಷೇರು, ಪ್ರತಿಯೊಬ್ಬರ ಕೈಯಲ್ಲೂ ತಮ್ಮ ಹೆಸರಿನ ಷೇರು ಪತ್ರ. ನಿರ್ದೇಶಕರು ದಾಮು ಮತ್ತು ಶೈಲಾ ಇಬ್ಬರೇ. ಗದ್ದೆಯನ್ನು ಕಂಪನಿಗೆ ಬರೆದುಕೊಡಲು ಬಿಡಲಿಲ್ಲ. ಲಾಯಕ್ಕೆ ಬೇಕಾದಷ್ಟು ಜಾಗವನ್ನು ಮಾತ್ರ ಬಿನ್‌ಶೇತ್ಕಿ ಮಾಡಿಸಿ, ಅಂದರೆ ಕೃಷಿಯಿಂದ ಬಿಡಿಸಿಕೊಂಡು, ಆಯಿಯಿಂದ ಕಂಪನಿಗೆ ಬಾಡಿಗೆ ಕರಾರು. ನೋಂದಣಿಗೆ ಕಂಪನಿ ಸೆಕ್ರೆಟರಿಯ ಸಹಿ ಬೇಕು, ಹುಬ್ಬಳ್ಳಿಯ ಪರಿಚಯದವರಿಂದ ಮಾಡಿಸಿದೆ.

ಬೆಲೆ ತೆರಬೇಕಾಯಿತು, ಸುಳ್ಳು ಹೇಳುವುದಿಲ್ಲ. ಕಂಪನಿಗೆ ಲಾಭದ ಮೊದಲ ರೂಪಾಯಿಯಿಂದಲೇ ತೆರಿಗೆ. ವ್ಯವಹಾರ ಇರಲಿ ಬಿಡಲಿ ವರ್ಷವೂ ಆಡಿಟ್, ವರ್ಷವೂ ವಿವರ ಸಲ್ಲಿಕೆ, ತಡವಾದರೆ ದಂಡ. ಇಬ್ಬರು ನಿರ್ದೇಶಕರಿಗೆ ನ್ಯಾಯವಾದ ಸಂಬಳ ಕೊಡಿಸಿ ಹೊರೆ ಸ್ವಲ್ಪ ಇಳಿಸಿದೆ. ಆಗ ಕಾರವಾರದ ಸಹೋದ್ಯೋಗಿಯೊಬ್ಬರು ಹತ್ತು ಜನರ ಎದುರು, 'ಕುದುರೆ ತೊಳೆಯುವವರಿಗೆ ಕಂಪನಿ ಮಾಡಿಸಿದ್ದೀಯಂತೆ. ಟೈ ಕಟ್ಟಿಸಿದೆಯೋ ಇಲ್ಲವೋ?' ಎಂದರು. ಹೌದು, ಮಾಡಿಸಿದೆ. ಲದ್ದಿ ಬಾಚುವವರ ಮನೆಯೂ ಮನೆಯೇ. ಎಲ್‌ಎಲ್‌ಪಿ, ಅಂದರೆ ಹೊಣೆಗೆ ಮಿತಿಯಿರುವ ಪಾಲುದಾರಿಕೆ, ಮಾಡಿಸಿದ್ದರೆ ಇದಕ್ಕಿಂತ ಅಗ್ಗದಲ್ಲಿ ಆಗುತ್ತಿತ್ತಲ್ಲ ಎಂದು ಇವತ್ತು ಯಾರಾದರೂ ಕೇಳಿದರೆ, ಆಗುತ್ತಿತ್ತೇನೋ ಎನ್ನುತ್ತೇನೆ. ಆಯಿಗೆ ಶೈಲಾಳ ಹೆಸರಿದ್ದ ಒಂದು ಕಾಗದ ಅವಳ ಕೈಯಲ್ಲಿ ಬೇಕಿತ್ತು. ಆ ಕಾರಣ ನನಗೆ ಸಾಕಾಗಿತ್ತು.

ಷೇರು ಪತ್ರ ಕೊಟ್ಟ ದಿನ ಆಯಿ ತಮ್ಮದನ್ನು ಅರಿಶಿನದ ಕೈಯಲ್ಲಿ ಮುಟ್ಟಿ ದೇವರ ಹತ್ತಿರ ಇಟ್ಟರು. ನಾನು ಗೆದ್ದೆ ಎಂದುಕೊಂಡೆ. ಬ್ಯಾಂಕನ್ನು ಮರೆತಿದ್ದೆ.

ಹನ್ನೆರಡು ಕುದುರೆ ನಿಲ್ಲುವ ಲಾಯಕ್ಕೆ ಸಾಲ ಬೇಕಿತ್ತು. ಅಂಕೋಲೆಯ ಬ್ಯಾಂಕಿನ ಮ್ಯಾನೇಜರು ಒಳ್ಳೆಯ ಮನುಷ್ಯ. ಕಂಪನಿ ಹೊಸದು, ಅದರ ಬಳಿ ಆಸ್ತಿಯಿಲ್ಲ, ಆದ್ದರಿಂದ ಷೇರುದಾರರೆಲ್ಲ ಸ್ವಂತ ಜಾಮೀನು ಹಾಕಬೇಕು, ಆಯಿ ಮನೆಯನ್ನು ಅಡವಿಡಬೇಕು ಎಂದು ಕಾಗದ ಮಾಡಿಸಿಟ್ಟಿದ್ದರು. ಅವರ ದೃಷ್ಟಿಯಲ್ಲಿ ಅದು ಸಹಜ. ಆದರೆ ಆ ಸಹಿ ಬಿದ್ದರೆ ಸಾಲದ ಮಟ್ಟಿಗೆ ಕಂಪನಿ ಎಂಬ ಗೋಡೆ ಇದ್ದೂ ಇಲ್ಲ. ಮುಂಬಾಗಿಲಲ್ಲಿ ತಡೆದ ಅಪಾಯವನ್ನು ಹಿತ್ತಿಲ ಬಾಗಿಲಿಂದ ಕರೆದ ಹಾಗೆ. ಹೊಸಬರು ಇದನ್ನು ಮರೆಯಬೇಡಿ. ಕಂಪನಿ ಮಾಡಿಸಿದ ದಿನ ನಿಮ್ಮ ಕೆಲಸ ಮುಗಿಯುವುದಿಲ್ಲ.

ಮನೆಯವರು ನನಗೆ ಹೇಳಿರಲಿಲ್ಲ. ಹೇಳುವಂಥದ್ದು ಅವರಿಗೆ ಏನೂ ಕಂಡಿರಲಿಲ್ಲ. ಎಲ್ಲರ ಹೆಸರೂ ಒಂದೇ ಕಾಗದದಲ್ಲಿ ಬರುತ್ತದೆ ಎಂದು ಬ್ಯಾಂಕಿನವರೇ ಕರೆದಿದ್ದಾರೆ, ಇದಕ್ಕಿಂತ ಸಂಭ್ರಮ ಬೇಕೇ? ದಾಮು ಸುಮ್ಮನೆ ಸುದ್ದಿ ಹೇಳಲೆಂದು ಬೆಳಿಗ್ಗೆ ಫೋನ್ ಮಾಡಿದ. ನಾನು ಸ್ಕೂಟರ್ ಹತ್ತಿ ಅಂಕೋಲೆಗೆ ಓಡಿದೆ. ಬ್ಯಾಂಕಿನ ಬೆಂಚಿನ ಮೇಲೆ ಇಡೀ ಸಂಸಾರ ಮದುವೆಗೆ ಹೊರಟಂತೆ ಕೂತಿತ್ತು. ಆಯಿ ರೇಷ್ಮೆ ಉಟ್ಟು ಅಬ್ಬಲಿಗೆ ಮುಡಿದಿದ್ದರು. ಹುಬ್ಬಳ್ಳಿಯ ದೊಡ್ಡ ಮಗ ರಜೆ ಹಾಕಿ ಬಂದಿದ್ದ.

ಇಲ್ಲಿಂದ ಮುಂದೆ ನನ್ನ ನೆನಪಿನ ಮೇಲೆ ನನಗೆ ಭರವಸೆ ಇಲ್ಲ. ನನಗೆ ನೆನಪಿರುವುದು ಹೀಗೆ. ನಾನು ಒಳಗೆ ಹೋದೆ, ಆಯಿಯ ಪಕ್ಕ ಬಗ್ಗಿ, 'ಆಯಿ, ಸಹಿ ಮಾಡುವ ಮೊದಲು ಸಾಹೇಬರಿಗೆ ಒಂದು ಮಾತು ಕೇಳಿ. ಈ ಕಾಗದದಲ್ಲಿ ಹೆಸರು ಬಂದರೆ ನಿಮಗೆ ಏನು ಸಿಗುತ್ತದೆ ಅಂತ' ಎಂದೆ. ಆಯಿ ಕೇಳಿದರು.

ಶೈಲಾ ಇದನ್ನು ಒಪ್ಪುವುದಿಲ್ಲ. 'ನೀವು ಬಂದಾಗ ಎಲ್ಲಾ ಮುಗ್ದಿತ್ತು ಸರ್. ಹೊರಗೆ ಸ್ಕೂಟರ್ ನಿಲ್ಸೂಕೆ ಜಾಗ ಹುಡುಕ್ತಿದ್ರಿ. ಕೇಳಿದ್ದು ಆಯಿ. ಯಾರೂ ಹೇಳ್ಕೊಟ್ಟದ್ದಲ್ಲ' ಎನ್ನುತ್ತಾಳೆ. ನಾನು ವಾದಿಸಿ ನೋಡಿದೆ. ಸ್ಕೂಟರ್ ನಿಲ್ಲಿಸಲು ಪರದಾಡಿದ್ದು ನನಗೂ ನೆನಪಿದೆ, ಅದೇ ಕಷ್ಟ. ಅವಳ ಹೇಳಿಕೆಯೇ ನಿಜ ಎಂದು ಇಟ್ಟುಕೊಳ್ಳಿ. ಕಥೆಯಲ್ಲಿ ನಾನು ಇಲ್ಲದಿದ್ದರೂ ಅದು ನಿಲ್ಲುತ್ತದೆ.

ಕೇಳಿದ ಮಾತು, ಬಂದ ಉತ್ತರದಲ್ಲಿ ಮಾತ್ರ ನಮ್ಮಿಬ್ಬರಿಗೂ ವ್ಯತ್ಯಾಸವಿಲ್ಲ.

'ಸಾಹೇಬ್ರೆ, ಇದ್ರಲ್ಲಿ ಹೆಸ್ರ ಬಂದ್ರೆ ನಮ್ಗೆ ಎಂತಾ ಸಿಗ್ತದೆ?'

ಮ್ಯಾನೇಜರು ನಕ್ಕು ಹೇಳಿದರಂತೆ, 'ಸಿಗೋದೇನಿಲ್ಲ ಅಮ್ಮ. ಕಂಪನಿ ಸಾಲ ಕಟ್ಟದಿದ್ರೆ ನೀವು ಕಟ್ಬೇಕು. ಅಷ್ಟೇ.'

'ಕಟ್ಟೂಕೆ ಆಗ್ದಿದ್ರೆ?'

'ಮನೆ ಇದೆಯಲ್ಲ.'

ಆಯಿ ಕಾಗದವನ್ನು ಮೇಜಿನ ಮೇಲೆ ಹಿಂದಕ್ಕೆ ತಳ್ಳಿದರು. ಆಮೇಲೆ ಎದ್ದು ನಿಂತರು.

'ನನ್ನ ಹೆಸ್ರ ತೆಗಿರಿ.'

'ಆಯಿ!' ದೊಡ್ಡ ಮಗ ಗಾಬರಿಯಾದ. 'ಹೆಸ್ರ ಬೇಕು ಬೇಕು ಅಂತ ನೀನೇ ಹೇಳ್ದೆ. ನಾ ರಜೆ ಹಾಕಿ ಬಂದಿ.'

'ಬಂದದ್ದು ಬಂದಾಯ್ತು, ಮನೆಗೆ ಬಂದು ಮೀನು ಊಟ ಮಾಡ್ಕಂಡು ಹೋಗು. ಅಂದು ಕೊಡೂ ಪಟ್ಟಿಲಿ ನನ್ನ ಹೆಸ್ರ ಇದ್ದಿಲ್ಲ. ಇಂದು ಕಸ್ಕಣೂ ಪಟ್ಟಿಲಿ ಮೊದ್ಲ ಹೆಸ್ರ ನಂದಾ? ಶೈಲ, ನಿಂದೂ ಬ್ಯಾಡ. ಏಳು.'

ಮ್ಯಾನೇಜರು, ಜಾಮೀನು ಇಲ್ಲದಿದ್ದರೆ ಹನ್ನೆರಡು ಕುದುರೆಯ ಲಾಯ ಮರೆತುಬಿಡಿ ಎಂದರು. ಆಯಿ ಮರೆತರು. ದಾಮು ತನ್ನ ಪಿಂಚಣಿಯ ಮೇಲೆ ತಾನೊಬ್ಬನೇ ಜಾಮೀನು ನಿಂತು ಸಿಕ್ಕಷ್ಟು ಸಣ್ಣ ಸಾಲದಲ್ಲಿ ನಾಲ್ಕು ಕುದುರೆಗೆ ಲಾಯ ಕಟ್ಟಿದ. ಊರಲ್ಲಿ ನಕ್ಕರು, ಹಾಸ್ಟೆಲ್ ಅಂದವ ಒಂದು ಕೋಣೆ ಕಟ್ಟಿದ ಎಂದು. ನಾಲ್ಕೂ ಮೊದಲ ಮಳೆಗಾಲಕ್ಕೇ ತುಂಬಿದವು.

ಪ್ರತಿ ಕುದುರೆಗೂ ಬರಹದ ಕರಾರು ಮಾಡಿಸಿದ್ದೆ. ಬೇರೆಯವರ ವಸ್ತುವನ್ನು ಇಟ್ಟುಕೊಂಡವನು ತನ್ನದನ್ನು ನೋಡಿಕೊಳ್ಳುವಷ್ಟೇ ಜೋಪಾನವಾಗಿ ನೋಡಿಕೊಳ್ಳಬೇಕು ಎಂಬುದು ಕಾನೂನು. ಅದರ ಮೇಲೆ ಯಾವ ವೈದ್ಯರನ್ನು ಕರೆಯುವುದು, ಕುದುರೆ ಸತ್ತರೆ ಏನು, ಮಾಲೀಕ ವಾಪಸು ಬರದಿದ್ದರೆ ಏನು, ಎಲ್ಲ ಬರೆದಿತ್ತು. ವಿಮೆಯೂ ಇತ್ತು. ಒಂದು ಮಾತು ಸೇರಿಸಿ ಹೇಳಬೇಕು. ತಾನೇ ನಿರ್ಲಕ್ಷ್ಯ ಮಾಡಿದವನನ್ನು ಯಾವ ಕಂಪನಿಯೂ ಕಾಪಾಡುವುದಿಲ್ಲ. ದಾಮುವಿಗೆ ಅದನ್ನು ಹೇಳಬೇಕಾಗಿರಲಿಲ್ಲ.

ಎರಡನೆಯದೋ ಮೂರನೆಯದೋ ಮಳೆಗಾಲದಲ್ಲಿ, ನನಗೆ ಖಚಿತವಿಲ್ಲ, ಮದುವೆಗೆ ಹೋಗುವ ಒಂದು ಬಿಳಿ ಕುದುರೆ ಕರುಳು ತಿರುಚಿ ಸತ್ತಿತು. ದಾಮು ರಾತ್ರಿಯಿಡೀ ಅದನ್ನು ನಡೆಸಿದ್ದ, ವೈದ್ಯರೂ ಬಂದಿದ್ದರು. ಮಾಲೀಕ ಗೋವಾದಿಂದ ಬಂದ. ಸಿಟ್ಟು, ದುಃಖ ಎರಡೂ ಇತ್ತು. ನೇರ ಮನೆಯ ಅಂಗಳಕ್ಕೆ ಬಂದು, 'ಈ ಮನೆ ಮಾರಿಸಿ ಕುದುರೆಯ ಬೆಲೆ ವಸೂಲಿ ಮಾಡುತ್ತೇನೆ' ಎಂದು ಕೊಂಕಣಿಯಲ್ಲಿ ಕೂಗಿದ. ನಾನು ಅಲ್ಲಿರಲಿಲ್ಲ. ಶೈಲಾ ಹೇಳಿದ್ದು, ಅವಳು ಈ ಕಥೆಯನ್ನು ಪ್ರತಿ ಸಲವೂ ಸ್ವಲ್ಪ ಹೆಚ್ಚು ಖುಷಿಯಿಂದ ಹೇಳುತ್ತಾಳೆ ಎಂಬುದನ್ನೂ ಗಮನಿಸಿದ್ದೇನೆ.

ಆಯಿ ಮೊದಲು ಅವನಿಗೆ ನೀರು ಬೆಲ್ಲ ಕೊಟ್ಟರಂತೆ. ಕುಡಿಯುವವರೆಗೆ ಕಾದರಂತೆ. ಆಮೇಲೆ ಹೇಳಿದರಂತೆ:

'ಕುದ್ರೆ ಸತ್ತದ್ದಕ್ಕೆ ನಂಗೂ ಗಂಟಲಲ್ಲಿ ಅನ್ನ ಇಳಿಲಿಲ್ಲ ತಮಾ. ಆದ್ರೆ ಈ ಮನೆ ನಂದು. ಕಂಪನಿ ಅಲ್ಲಿ ಅದೆ, ಕೊಟ್ಟಿಗೆಲಿ. ಅಲ್ಲಿ ಹೋಗಿ ಕೇಳು.'

ಅವನು ಕೊಟ್ಟಿಗೆಗೆ ಹೋದ. ದಾಮು ಕರಾರು ತೋರಿಸಿದ, ವೈದ್ಯರ ಚೀಟಿ ತೋರಿಸಿದ. ವಿಮೆಯವರು ಕೊಡಬೇಕಾದದ್ದನ್ನು ತಡಮಾಡಿ, ಗೊಣಗಿ, ಕೊಟ್ಟರು. ಮುಂದಿನ ಮಳೆಗಾಲಕ್ಕೆ ಆ ಮನುಷ್ಯ ಇನ್ನೊಂದು ಕುದುರೆ ಕರೆದುಕೊಂಡು ಅಲ್ಲಿಗೇ ಬಂದ.

ಕಳೆದ ತಿಂಗಳು ಅವರ್ಸಾಕ್ಕೆ ಹೋಗಿದ್ದೆ. ಆಯಿಗೆ ಕಣ್ಣು ಮಂಜು, ಜಗಲಿ ಮಾತ್ರ ಅದೇ. ಪಕ್ಕದಲ್ಲಿ ಶೈಲಾ ಕಂಪನಿಯ ಆಡಿಟ್ ಕಾಗದಗಳನ್ನು ಹರಡಿಕೊಂಡು, 'ಈ ವರ್ಷ ಟ್ಯಾಕ್ಸ್ ಎಷ್ಟು ಬಂತು ನೋಡಿ ಸರ್, ಎಲ್ಲಾ ನಿಮ್ಮಿಂದ' ಎಂದು ಬೈದಳು. ಬೈಯಲಿ. ಅವಳು ಕೂತು ಬೈಯುತ್ತಿದ್ದದ್ದು ಆಯಿಯ ಮನೆಯ ಜಗಲಿಯ ಮೇಲೆ.